ಪಾಂಪೇ: ಬೂದಿಯಡಿಯ ಪಾಠಶಾಲೆ

ರೋಮನ್ ಚರಿತ್ರೆಯನ್ನು ಕಣ್ಣಾರೆ ಕಾಣಲು ಇಟಲಿಗೆ ಬರುವ ವಿದ್ಯಾರ್ಥಿ ತಂಡಗಳು ರೋಮ್ ನಗರದ ಕೊಲೋಸಿಯಂ ನೋಡಿದ ಮೇಲೆ ಸಾಮಾನ್ಯವಾಗಿ ದಕ್ಷಿಣಕ್ಕೆ, ನೇಪಲ್ಸ್ ಸಮೀಪದ ಪಾಂಪೇಗೆ ಹೊರಡುತ್ತವೆ. ರೋಮ್‌ನಲ್ಲಿ ಎದ್ದು ಕಾಣುವುದು ಚಕ್ರವರ್ತಿಗಳ ವೈಭವ. ಪಾಂಪೇಯಲ್ಲಿ ಸಿಗುವುದು ಸಾಮಾನ್ಯರ ದಿನಚರಿ.

ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದು ಈ ಊರನ್ನು ಬೂದಿಯಲ್ಲಿ ಹೂತುಹಾಕಿತು. ಉತ್ಖನನ ಆರಂಭವಾದದ್ದು 1748ರಲ್ಲಿ. ಕಲ್ಲುಹಾಸಿನ ಮೇಲೆ ಬಂಡಿಚಕ್ರಗಳು ಕೊರೆದ ಜಾಡು, ಕೊಳಚೆ ತುಳಿಯದೆ ಬೀದಿ ದಾಟಲು ಇಟ್ಟ ಎತ್ತರದ ಕಲ್ಲುಗಳು, ಊಟದಂಗಡಿಯ ಕಟ್ಟೆ, ಗೋಡೆಗಳ ಮೇಲೆ ಚುನಾವಣೆಯ ಮತಯಾಚನೆ ಎಲ್ಲವೂ ಬೆಳಕಿಗೆ ಬಂದವು. ಒಂದು ಬೇಕರಿಯ ಒಲೆಯಲ್ಲಿ 81 ರೊಟ್ಟಿಗಳು ಕರಿಕಾಗಿ ಸಿಕ್ಕವು.

ಈ ದುರಂತದ ಪ್ರತ್ಯಕ್ಷ ವರದಿ ಬಿಟ್ಟುಹೋದವನೂ ಒಬ್ಬ ವಿದ್ಯಾರ್ಥಿಯೇ. ಕೊಲ್ಲಿಯ ಆಚೆ ಮಿಸೀನಂನಲ್ಲಿದ್ದ ಕಿರಿಯ ಪ್ಲಿನಿಗೆ ಆಗ 17 ವರ್ಷ. ಬೆಟ್ಟದ ಮೇಲೆದ್ದ ವಿಚಿತ್ರ ಮೋಡವನ್ನು ಹತ್ತಿರದಿಂದ ನೋಡೋಣ ಬಾ ಎಂದು ನೌಕಾದಳದ ಮುಖ್ಯಸ್ಥನಾಗಿದ್ದ ಸೋದರಮಾವ ಕರೆದಾಗ, ಓದುವುದಿದೆ ಎಂದು ಹುಡುಗ ಮನೆಯಲ್ಲೇ ಉಳಿದ. ಸಿಕ್ಕಿಬಿದ್ದವರನ್ನು ಕಾಪಾಡಲು ಹೋದ ಮಾವ ಮರಳಲಿಲ್ಲ. ವರ್ಷಗಳ ನಂತರ ಪ್ಲಿನಿ ಇತಿಹಾಸಕಾರ ಟ್ಯಾಸಿಟಸ್‌ಗೆ ಬರೆದ ಎರಡು ಪತ್ರಗಳೇ ಇಂದಿಗೂ ಮುಖ್ಯ ಆಧಾರ.

ಅವುಗಳ ಹಸ್ತಪ್ರತಿಗಳನ್ನು ನಂಬಿ, ಸ್ಫೋಟದ ದಿನ ಆಗಸ್ಟ್ 24 ಎಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. ಆದರೆ 2018ರಲ್ಲಿ ಒಂದು ಮನೆಯ ಗೋಡೆಯಲ್ಲಿ ಅಕ್ಟೋಬರ್ 17ಕ್ಕೆ ಸಮನಾದ ದಿನಾಂಕವಿರುವ ಇದ್ದಿಲಿನ ಬರಹ ಸಿಕ್ಕಿತು. ಸ್ಫೋಟ ನಡೆದದ್ದು ಅದರ ನಂತರವಿರಬೇಕೆಂದು ಹಲವು ವಿದ್ವಾಂಸರ ಮತ. ಚರ್ಚೆ ಇನ್ನೂ ಮುಗಿದಿಲ್ಲ.

ಭಾರತೀಯರಿಗೂ ಇಲ್ಲೊಂದು ನಂಟಿದೆ. 1938ರಲ್ಲಿ ಪಾಂಪೇಯ ಮನೆಯೊಂದರಲ್ಲಿ ಭಾರತದಲ್ಲಿ ಕೆತ್ತಿದ ದಂತದ ಸ್ತ್ರೀವಿಗ್ರಹ ದೊರೆಯಿತು. ಇತ್ತ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ವ್ಯಾಪಾರದ ಹಾದಿ ಎರಡೂ ಕಡೆಗಿತ್ತು.

ಬೂದಿ ಕಾಪಾಡಿದ್ದನ್ನು ಮಳೆ, ಬಿಸಿಲು ಮತ್ತು ಪ್ರವಾಸಿಗರ ಕಾಲ್ತುಳಿತ ಸವೆಸುತ್ತಿವೆ. 2010ರ ನವೆಂಬರ್‌ನಲ್ಲಿ ಗ್ಲ್ಯಾಡಿಯೇಟರ್‌ಗಳ ಕಟ್ಟಡವೊಂದು ಕುಸಿದುಬಿತ್ತು. 2024ರ ನವೆಂಬರ್‌ನಲ್ಲಿ ದಿನಕ್ಕೆ 20,000 ಪ್ರವಾಸಿಗರ ಮಿತಿ ಜಾರಿಗೆ ಬಂತು. ಊರಿನ ಸುಮಾರು ಮೂರನೇ ಒಂದು ಭಾಗ ಇನ್ನೂ ಮಣ್ಣಿನಡಿಯಲ್ಲೇ ಇದೆ. ಅಗೆಯದೆ ಉಳಿದ ಆ ಭಾಗ ಮುಂದಿನ ತಲೆಮಾರಿನ ವಿದ್ಯಾರ್ಥಿಗಳ ಪಾಲು.