ತಾಯಿನುಡಿ ಯಾರ ನುಡಿ?

1991ರ ಜನಗಣತಿಗೆಂದು ಬಂಗಾರಪೇಟೆಯ ನಮ್ಮ ಮನೆಗೆ ಬಂದ ಮೇಷ್ಟರು ಜಗಲಿಯಲ್ಲಿ ಕೂತು, "ಮಾತೃಭಾಷೆ?" ಎಂದರು. ಒಳಗಿನಿಂದ ಅಪ್ಪ, "ಕನ್ನಡ, ಬರ್ಕೊಳ್ಳಿ" ಎಂದರು. ನೀರಿನ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದ ಅಮ್ಮನನ್ನು ಯಾರೂ ಕೇಳಲಿಲ್ಲ.

ಅಮ್ಮ ಹುಟ್ಟಿದ್ದು ಕೆ.ಜಿ.ಎಫ್‌ನ ಚಾಂಪಿಯನ್ ರೀಫ್‌ನಲ್ಲಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗೆ ಕೈಹಾಕಿದ ಮೇಲೆ ಉತ್ತರ ಆರ್ಕಾಟ್ ಕಡೆಯಿಂದ ತಮಿಳರೂ ತೆಲುಗರೂ ಕೂಲಿಗೆ ಬಂದು ಅಲ್ಲೇ ನೆಲೆ ನಿಂತರು. ಅಮ್ಮನಿಗೆ ತನ್ನ ತಾಯಿಯೊಡನೆ ತೆಲುಗು, ಲೈನ್ ಮನೆಯ ಅಕ್ಕಪಕ್ಕದವರೊಡನೆ ತಮಿಳು, ಮದುವೆಯಾಗಿ ಬಂದ ಮೇಲೆ ನಮ್ಮೊಡನೆ ಕನ್ನಡ. ಬಿಸಿ ಪಾತ್ರೆ ಕೈಗೆ ತಾಗಿದರೆ "ಅಮ್ಮಾ" ಎನ್ನುತ್ತಿದ್ದಳು. ಅದು ಮೂರರಲ್ಲಿ ಯಾವ ಭಾಷೆಯೋ!

ಸರ್ಕಾರಕ್ಕೂ ಈ ಪದ ಸುಲಭವಾಗಿ ದಕ್ಕಿಲ್ಲ. 1881ರ ಗಣತಿಯಲ್ಲಿ ಮಾತೃಭಾಷೆ ಎಂದು ಕೇಳಿದರು. 1891ರಲ್ಲಿ ಅದು ತಂದೆತಾಯಿಯರ ಭಾಷೆಯಾಯಿತು, 1901ರಲ್ಲಿ ಸಾಮಾನ್ಯವಾಗಿ ಬಳಸುವ ಭಾಷೆಯಾಯಿತು. ಮತ್ತೆ ಮಾತೃಭಾಷೆಗೇ ಮರಳಿ, ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ಭಾಷೆ ಎಂದು ವಿವರಿಸಿದರು. ತಾಯಿ ಎಳವೆಯಲ್ಲೇ ತೀರಿಕೊಂಡಿದ್ದರೆ ಮನೆಯಲ್ಲಿ ಹೆಚ್ಚಾಗಿ ಆಡುತ್ತಿದ್ದ ಭಾಷೆ. 1961ರಲ್ಲಿ ಹೀಗೆ ಕೂಡಿಬಂದ ಮಾತೃಭಾಷೆಗಳು 1652. ಈ ವಿವರಣೆಯ ಪ್ರಕಾರ ಅಮ್ಮನದು ತೆಲುಗು, ನನ್ನದು ಕನ್ನಡ. ತಾಯಿ ಒಂದು, ತಾಯಿನುಡಿ ಇನ್ನೊಂದು! ಪಕ್ಕದ ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು. ಅವರಿಗೆ 1983ರ ಜ್ಞಾನಪೀಠ ಬಂದದ್ದು ಕನ್ನಡದ ಕಾದಂಬರಿಗೆ.

ಪದದ ಜಗಳ ಶಾಲೆಗೂ ಬಂತು. ಒಂದರಿಂದ ನಾಲ್ಕನೆಯ ತರಗತಿವರೆಗೆ ಮಾತೃಭಾಷೆ ಇಲ್ಲವೆ ಕನ್ನಡದಲ್ಲೇ ಪಾಠವಾಗಬೇಕೆಂದು ನಮ್ಮ ಸರ್ಕಾರ 1994ರಲ್ಲಿ ಆದೇಶ ಹೊರಡಿಸಿತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಮಗುವಿನ ಮಾತೃಭಾಷೆ ಯಾವುದೆಂದು ನಿರ್ಧರಿಸುವವರು ತಂದೆತಾಯಿ ಅಥವಾ ಪೋಷಕರು ಎಂದು 2014ರಲ್ಲಿ ತೀರ್ಪಾಯಿತು. ಇಬ್ಬರ ಮಾತು ಬೇರೆಯಾದರೆ? ನಮ್ಮ ಮನೆಯಲ್ಲಾದರೆ ಒಳಗಿನಿಂದ ಕೂಗಿ ಹೇಳಿದವರ ಮಾತೇ ನಡೆಯುತ್ತಿತ್ತು.

2011ರ ಗಣತಿಗೆ ಬಂದವರು ಟೀಚರಮ್ಮ. ಆ ಹೊತ್ತಿಗೆ ಅಪ್ಪ ಇರಲಿಲ್ಲ. ಅಮ್ಮ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು.

"ನಮ್ಮಮ್ಮ ನನ್ ಹತ್ರ ಮಾತಾಡಿದ್ದು ಬೇಕಾ, ನಾನು ನನ್ ಮಕ್ಳ ಹತ್ರ ಮಾತಾಡಿದ್ದು ಬೇಕಾ?" ಎಂದು ಕೇಳಿದಳು.

"ನಿಮ್ಮಮ್ಮ ಮಾತಾಡಿದ್ದಮ್ಮ."

"ಹಂಗಾದ್ರೆ ತೆಲುಗು ಅಂತ ಬರ್ಕೋಮ್ಮ" ಎಂದವಳು, ಟೀಚರಮ್ಮ ಬರೆದು ಮುಗಿಸುವವರೆಗೂ ಅವರ ಪೆನ್ನನ್ನೇ ನೋಡುತ್ತಿದ್ದಳು.