ಸೂಜಿ ಹಿಡಿಯೋ ಕೈ ಯಾರದು? ಆಂಬುಲೆನ್ಸ್, ಲೋ ಶುಗರ್ ಮತ್ತು ಒಂದು ಅನುಮತಿಯ ಕಥೆ

ಈ ಕಂತಿನಲ್ಲಿ ಒಂದು ಅನುಮತಿಯ ಇತಿಹಾಸ ಹೇಳ್ತೀನಿ. ಸಕ್ಕರೆ ಕಾಯಿಲೆ ಇರೋರಿಗೆ ಶುಗರ್ ಕುಸಿದು ಪ್ರಜ್ಞೆ ತಪ್ಪುತ್ತೆ, 108 ಬರುತ್ತೆ. ಅದರಲ್ಲಿರೋ ಇಎಂಟಿ, ಅಂದ್ರೆ ತುರ್ತು ವೈದ್ಯಕೀಯ ತಂತ್ರಜ್ಞ, ತಾನೇ ಗ್ಲೂಕೋಸ್ ಚುಚ್ಚಬಹುದಾ? ಕೇಳೋಕೆ ಸಣ್ಣ ಪ್ರಶ್ನೆ. ಉತ್ತರ ಹುಡುಕಿದ್ರೆ ನೂರು ವರ್ಷ ಹಿಂದಕ್ಕೆ ಹೋಗ್ಬೇಕು.

ಮೊದಲು ನಮ್ಮ ಕಡೆಯ ಮಾತು. ನೆಲಮಂಗಲ, ಹೊಸಕೋಟೆ ಕಡೆ "ಅವರಿಗೆ ಶುಗರ್" ಅಂದ್ರೆ ಸಕ್ಕರೆ ಜಾಸ್ತಿ ಅಂತಲೇ ಅರ್ಥ. ಕಡಿಮೆಯಾದ್ರೂ ಜೀವ ಹೋಗಬಹುದು ಅನ್ನೋದು ಮನೆಯವರಿಗೆ ಬೇಗ ಹೊಳೆಯಲ್ಲ. ಶಿವರಾತ್ರಿಗೆ ಉಪವಾಸ ಇರ್ತಾರೆ, ಮಾತ್ರೆ ಮಾತ್ರ ತಪ್ಪಿಸಲ್ಲ. ದೊಡ್ಡಬಳ್ಳಾಪುರದಲ್ಲಿ ರಾತ್ರಿ ಮಗ್ಗದ ಮುಂದೆ ನಿಲ್ಲೋರಿಗೆ ಊಟದ ಹೊತ್ತು ಅಂತ ಒಂದಿರಲ್ಲ. ರಕ್ತದಲ್ಲಿ ಗ್ಲೂಕೋಸ್ 70 ಮಿಲಿಗ್ರಾಂಗಿಂತ ಕೆಳಗಿಳಿದ ಮೇಲೆ ಬೆವರು, ನಡುಕ ಶುರು. ಇನ್ನೂ ಇಳಿದರೆ ಮಾತು ತೊದಲುತ್ತೆ. ಕುಡಿದಿದ್ದಾನೆ ಅಂತ ಪಕ್ಕಕ್ಕೆ ಮಲಗಿಸಿ ಹೋಗೋರೂ ಉಂಟು. ಎಚ್ಚರ ಇದ್ರೆ ಒಂದು ಲೋಟ ಸಕ್ಕರೆ ನೀರು ಸಾಕು. ಪ್ರಜ್ಞೆ ಹೋದ ಮೇಲೆ ಬಾಯಿಗೆ ಏನು ಹಾಕಿದ್ರೂ ಶ್ವಾಸಕೋಶಕ್ಕೆ ಇಳಿಯೋ ಅಪಾಯ ಇದೆ. ಆಗ ಬೇಕಾಗೋದು ರಕ್ತನಾಳಕ್ಕೆ ಡೆಕ್ಸ್ಟ್ರೋಸ್, ಇಲ್ಲವೇ ಗ್ಲುಕಗಾನ್ ಇಂಜೆಕ್ಷನ್.

ಈ ಮದ್ದು ಹೊಸದೇನಲ್ಲ. 1921-22ರ ಚಳಿಗಾಲದಲ್ಲಿ ಟೊರಾಂಟೊದ ಪ್ರಯೋಗಾಲಯದಲ್ಲಿ ಜೇಮ್ಸ್ ಕಾಲಿಪ್ ಇನ್ಸುಲಿನ್ ಶುದ್ಧ ಮಾಡಿ ಮೊಲಗಳ ಮೇಲೆ ಪರೀಕ್ಷಿಸ್ತಿದ್ದರು. ಸಕ್ಕರೆ ತೀರಾ ಇಳಿದ ಮೊಲಗಳು ಸೆಟೆದುಕೊಂಡು ಒದ್ದಾಡಿದವು. ಗ್ಲೂಕೋಸ್ ಚುಚ್ಚಿದರೆ ಎದ್ದು ಕೂತವು. 1922ರ ಜನವರಿಯಲ್ಲಿ 14 ವರ್ಷದ ಲೆನಾರ್ಡ್ ಥಾಮ್ಸನ್‌ಗೆ ಇನ್ಸುಲಿನ್ ಕೊಟ್ಟರಲ್ಲ, ಆ ಹೊತ್ತಿಗೇ ಅದರ ಅಪಾಯವೂ ಗೊತ್ತಿತ್ತು, ಪರಿಹಾರವೂ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ಒಂದೇ: ಆಸ್ಪತ್ರೆಯಿಂದ ದೂರ ಇದ್ದಾಗ ಅದನ್ನ ಕೊಡೋರು ಯಾರು?

1960ರ ದಶಕದವರೆಗೆ ಹೆಚ್ಚಿನ ದೇಶಗಳಲ್ಲಿ ಆಂಬುಲೆನ್ಸ್ ಅಂದ್ರೆ ಮಲಗಿಸಿಕೊಂಡು ಹೋಗೋ ಗಾಡಿ. 1966ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಫ್ರಾಂಕ್ ಪ್ಯಾಂಟ್ರಿಜ್ ವೈದ್ಯರನ್ನೇ ಗಾಡಿ ಹತ್ತಿಸಿದರು. 1967ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಫ್ರೀಡಂ ಹೌಸ್ ಅನ್ನೋ ಸೇವೆ ಶುರುವಾಯ್ತು. ಕೆಲಸವಿಲ್ಲದ ಕಪ್ಪು ಜನಾಂಗದ ಯುವಕರಿಗೆ ತರಬೇತಿ ಕೊಟ್ಟು ಗಾಡಿಯಲ್ಲೇ ಚಿಕಿತ್ಸೆ ಮಾಡಿಸಿದರು. 1970ರಲ್ಲಿ ಕ್ಯಾಲಿಫೋರ್ನಿಯಾ ಇದಕ್ಕೊಂದು ಕಾಯ್ದೆ ಮಾಡಿತು. ರೇಡಿಯೋದಲ್ಲಿ ಆಸ್ಪತ್ರೆಯ ಸೂಚನೆ ಪಡೆದು ಪ್ಯಾರಾಮೆಡಿಕ್ ಔಷಧ ಕೊಡಬಹುದು ಅಂತ.

ಬ್ರಿಟನ್ನಿನದು ಬೇರೆ ದಾರಿ, ನನಗೆ ಹೆಚ್ಚು ಹಿಡಿಸಿದ್ದೂ ಅದೇ. ಅಲ್ಲಿನ 1968ರ ಔಷಧ ಕಾಯ್ದೆಯ ಅಡಿಯಲ್ಲಿ, ಜೀವ ಉಳಿಸೋಕೆ ಯಾರು ಬೇಕಾದರೂ ಚುಚ್ಚಬಹುದಾದ ಇಂಜೆಕ್ಷನ್‌ಗಳ ಒಂದು ಪುಟ್ಟ ಪಟ್ಟಿ ಬಂತು. ಅಡ್ರಿನಲಿನ್, ಹಾವಿನ ವಿಷಕ್ಕೆ ಮದ್ದು, ಅದರ ಜೊತೆಗೆ ಗ್ಲುಕಗಾನ್ ಮತ್ತು ಡೆಕ್ಸ್ಟ್ರೋಸ್! ವೈದ್ಯರೇ ಆಗಿರಬೇಕು ಅಂತಿಲ್ಲ.

ನಮ್ಮಲ್ಲಿ? 1956ರ ಭಾರತೀಯ ವೈದ್ಯಕೀಯ ಪರಿಷತ್ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ನೋಂದಾಯಿತ ವೈದ್ಯರ ಹೊರತು ಬೇರೆಯವರು ವೈದ್ಯವೃತ್ತಿ ಮಾಡುವಂತಿರಲಿಲ್ಲ, ಮಾಡಿದ್ರೆ ಒಂದು ವರ್ಷದವರೆಗೆ ಜೈಲು ಇತ್ತು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯಲ್ಲೂ ಅದೇ ಧಾಟಿ, ದಂಡ ಮಾತ್ರ 5 ಲಕ್ಷದವರೆಗೆ ಏರಿದೆ. ನಕಲಿ ವೈದ್ಯರನ್ನ ತಡೆಯೋಕೆ ಇದು ಬೇಕೇ ಬೇಕು, ತಕರಾರಿಲ್ಲ. ಆದ್ರೆ ಆಂಬುಲೆನ್ಸಿನಲ್ಲಿ ಕೂತೋರು ಈ ಗೆರೆಯ ಯಾವ ಕಡೆ?

1996ರಲ್ಲಿ ಪಶ್ಚಿಮ ಬಂಗಾಳದ ಒಂದು ಪ್ರಕರಣದಲ್ಲಿ, ರೈಲಿನಿಂದ ಬಿದ್ದವನನ್ನ ಒಂದಾದ ಮೇಲೊಂದು ಆಸ್ಪತ್ರೆ ವಾಪಸ್ ಕಳಿಸಿದ್ದಕ್ಕೆ, ಸುಪ್ರೀಂ ಕೋರ್ಟ್ ಹೇಳಿತು: ಆಂಬುಲೆನ್ಸಿನಲ್ಲಿ ಸಲಕರಣೆಯೂ ಇರಬೇಕು, ವೈದ್ಯಕೀಯ ಸಿಬ್ಬಂದಿಯೂ ಇರಬೇಕು. 2005ರಲ್ಲಿ ಹೈದರಾಬಾದಿನ ಇಎಂಆರ್‌ಐ 108 ಶುರು ಮಾಡಿತು. ಕರ್ನಾಟಕಕ್ಕೆ ಅದು ಆರೋಗ್ಯ ಕವಚ ಅನ್ನೋ ಹೆಸರಲ್ಲಿ 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ ಬಂತು. ಅದೇ ವರ್ಷ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆದಿತ್ತು. ಸುದ್ದಿಯಾಗಿದ್ದು ಯಾವುದು ಅಂತ ಕೇಳಬೇಡಿ.

108ರ ಏರ್ಪಾಟು ಕ್ಯಾಲಿಫೋರ್ನಿಯಾದ ಮೊಮ್ಮಗ ಇದ್ದ ಹಾಗೆ. ಗಾಡಿಯಲ್ಲಿ ಇಎಂಟಿ, ಕಾಲ್ ಸೆಂಟರಿನಲ್ಲಿ ವೈದ್ಯರು. ಸಂಸ್ಥೆಯ ಪ್ರೋಟೊಕಾಲ್ ಮತ್ತು ಫೋನಿನ ಆ ಕಡೆಯ ಸೂಚನೆ, ಇವೆರಡರ ಮೇಲೆ ಕೆಲಸ ನಡೆಯುತ್ತೆ. ಇಎಂಟಿಯ ಕೈಗೆ ಬಲ ಬರೋದು ಆ ವೈದ್ಯರ ದನಿಯಿಂದ. ನೆಟ್‌ವರ್ಕ್ ಸಿಗದ ಕಡೆ ಆ ಬಲ ಎಷ್ಟು ಅನ್ನೋದು ನನ್ನನ್ನ ಕಾಡೋ ಪ್ರಶ್ನೆ. ಸಕ್ಕರೆ ಇಲ್ಲದೆ ಮಿದುಳು ಕಾಯಲ್ಲ. 2021ರಲ್ಲಿ ಅಲೈಡ್ ಹೆಲ್ತ್‌ಕೇರ್ ವೃತ್ತಿಗಳಿಗಾಗಿ ಸಂಸತ್ತು ತಂದ ಕಾಯ್ದೆಯ ಅನುಸೂಚಿಯಲ್ಲಿ ಇವರ ವೃತ್ತಿಗೆ ಹೆಸರು ಸಿಕ್ಕಿತು. ಯಾವ ಔಷಧ ಕೊಡಬಹುದು ಅನ್ನೋ ಪಟ್ಟಿ ಮಾತ್ರ ಆ ಕಾಯ್ದೆಯಲ್ಲಿಲ್ಲ.

ಹಾಗಂತ ನಮ್ಮ ಸರ್ಕಾರಕ್ಕೆ ಇಂಥ ಅನುಮತಿ ಬರೆದು ಗೊತ್ತಿಲ್ಲ ಅಂತಲ್ಲ. ಹೆರಿಗೆ ಹೊತ್ತಲ್ಲಿ ನಂಜು ಏರಿ ಫಿಟ್ಸ್ ಬಂದರೆ ಎಎನ್‌ಎಂ ಸಿಸ್ಟರ್ ಮ್ಯಾಗ್ನೀಸಿಯಂ ಸಲ್ಫೇಟ್‌ನ ಮೊದಲ ಡೋಸ್ ಕೊಡಬಹುದು, ಎಳೆ ಕೂಸಿಗೆ ಸೋಂಕಾದರೆ ಜೆಂಟಮೈಸಿನ್ ಚುಚ್ಚಬಹುದು ಅಂತ ಕೇಂದ್ರದ ಮಾರ್ಗಸೂಚಿಗಳೇ ಹೇಳಿವೆ. ತಾಯಿ, ಮಗುವಿನ ಸಾವು ತಗ್ಗಿಸಬೇಕು ಅಂತ ಸರ್ಕಾರ ಮನಸ್ಸು ಮಾಡಿದಾಗ ಸೂಜಿ ಹಿಡಿಯೋ ಕೈ ಬದಲಾಯ್ತು.

ವೈದ್ಯರ ಅಳುಕಿಗೂ ಕಾರಣ ಇದೆ. ಗಟ್ಟಿ ಡೆಕ್ಸ್ಟ್ರೋಸ್ ನಾಳದ ಹೊರಗೆ ಸೋರಿದರೆ ಮಾಂಸ ಕೊಳೆಯಬಹುದು. ಗ್ಲಿಬೆನ್‌ಕ್ಲಮೈಡ್, ಗ್ಲಿಮಿಪಿರೈಡ್‌ನಂಥ ಮಾತ್ರೆ ತಗೊಂಡೋರು ಗ್ಲೂಕೋಸ್ ಬಿದ್ದ ತಕ್ಷಣ ಎದ್ದು ಕೂತು "ಏನಾಗಿಲ್ಲ, ಹೋಗಪ್ಪ" ಅಂತಾರೆ. ಕೆಲವು ಗಂಟೆ ಕಳೆದು ಮತ್ತೆ ಬೀಳ್ತಾರೆ, ಯಾಕಂದ್ರೆ ಮಾತ್ರೆ ಇನ್ನೂ ಒಳಗೆ ಕೆಲಸ ಮಾಡ್ತಿರುತ್ತೆ. ಅದಕ್ಕೇ ಬರೆದಿಟ್ಟ ನಿಯಮ ಬೇಕು ಅನ್ನೋದು ನನ್ನ ವಾದ: ಬೆರಳು ಚುಚ್ಚಿ ಅಳೆ, ಕಡಿಮೆ ಇದ್ರೆ ಇಷ್ಟು ಕೊಡು, ಎದ್ದು ಕೂತರೂ ಆಸ್ಪತ್ರೆಗೆ ಕರ್ಕೊಂಡು ಹೋಗು. ಅಮೆರಿಕದಲ್ಲೂ ಮೂಲ ಹಂತದ ಇಎಂಟಿ ಗ್ಲೂಕೋಸ್ ಅಳೆಯಬಹುದು ಅಂತ ರಾಷ್ಟ್ರೀಯ ಮಾದರಿಯಲ್ಲಿ ಸೇರಿದ್ದು 2019ರಲ್ಲಿ. ಮೂಗಿಗೆ ಹಾಕೋ ಗ್ಲುಕಗಾನ್ ಪುಡಿಗೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದೂ ಅದೇ ವರ್ಷ. ಅದಕ್ಕೆ ನಾಳ ಹುಡುಕೋ ಕೆಲಸವೇ ಇಲ್ಲ.

ಅಲ್ಲಿವರೆಗೂ ನಿಮ್ಮ ಕೈಲಿರೋದು ಇಷ್ಟು. 108ಕ್ಕೆ ಫೋನ್ ಮಾಡಿದಾಗ "ಪ್ರಜ್ಞೆ ಇಲ್ಲ" ಅಂತಷ್ಟೇ ಹೇಳಬೇಡಿ. ಶುಗರ್ ಇದೆ, ಇಂಥ ಮಾತ್ರೆ ಅಥವಾ ಇನ್ಸುಲಿನ್ ತಗೋತಾರೆ, ಕಡೇ ಸಲ ಊಟ ಮಾಡಿದ್ದು ಇಷ್ಟೊತ್ತಿಗೆ ಅಂತ ಹೇಳಿ. ಗಾಡಿ ಬಂದಾಗ ಮಾತ್ರೆ ಚೀಟಿಯನ್ನ ಇಎಂಟಿ ಕೈಗೆ ಕೊಡಿ.