ನೀಲಿ ಎಂಬ ಹೆಸರು

ಬಣ್ಣಗಳ ಹೆಸರುಗಳಲ್ಲಿ ಕೆಲವು ನುಡಿಯೊಡನೆಯೇ ಹುಟ್ಟಿದವು, ಕೆಲವು ಸರಕಿನೊಡನೆ ಸಂಚರಿಸಿದವು. ಬಿಳಿ, ಕರಿ, ಕೆಂಪು ಕನ್ನಡದ ಸ್ವಂತ ಸೊತ್ತು. ‘ಬೆಳ್’ ಎಂಬುದರಿಂದಲೇ ಬೆಳಕೂ ಬೆಳ್ಳಿಯೂ ಬಂದವು. ನೀಲಿಯಾದರೋ ಎರಡನೆಯ ವರ್ಗಕ್ಕೆ ಸೇರಿದುದು.

ಸಂಸ್ಕೃತದಲ್ಲಿ ‘ನೀಲ’ವೆಂದರೆ ವರ್ಣ, ‘ನೀಲೀ’ ಎಂದರೆ ಆ ವರ್ಣವನ್ನು ಕೊಡುವ ಗಿಡ. ಕನ್ನಡದ ನೀಲಿ ಎರಡನ್ನೂ ಸೂಚಿಸುತ್ತದೆ. ಅರಬ್ಬರು ಇದನ್ನು ‘ಅನ್‌ನೀಲ್’ ಎಂದರು; ಪೋರ್ಚುಗೀಸರ ಬಾಯಲ್ಲಿ ಅದು ‘ಅನಿಲ್’ ಆಯಿತು. ಗ್ರೀಕರು ಗಿಡವನ್ನು ಬಿಟ್ಟು ನಾಡನ್ನು ನೆನೆದು ‘ಇಂಡಿಕಾನ್’, ಅಂದರೆ ಭಾರತದ ವಸ್ತು, ಎಂದರು. ಇಂಗ್ಲಿಷಿನ ‘ಇಂಡಿಗೊ’ ಅದರಿಂದ ಬಂದುದು. 1840ರಲ್ಲಿ ರಸಾಯನಜ್ಞ ಫ್ರಿಟ್ಸ್‌ಶೆ ನೀಲಿಯಿಂದ ಪಡೆದ ತೈಲಕ್ಕೆ ‘ಅನಿಲಿನ್’ ಎಂದು ಹೆಸರಿಟ್ಟನು.

ಹೆಸರು ಹೀಗೆ ಮೆರೆಯಿತು. ಬೆಳೆದವನ ಬಾಳು ಮೆರೆಯಲಿಲ್ಲ. ಮುಂಗಡ ಸಾಲದ ಬಲೆಯಲ್ಲಿ ಸಿಲುಕಿದ ಬಂಗಾಳದ ರೈತರು 1859ರಲ್ಲಿ ನೀಲಿ ಬಿತ್ತಲೊಪ್ಪದೆ ದಂಗೆಯೆದ್ದರು. ಬಿಹಾರದ ಚಂಪಾರಣ್ಯದಲ್ಲಿ ಇಪ್ಪತ್ತು ಕಟ್ಟಾ ಹೊಲಕ್ಕೆ ಮೂರು ಕಟ್ಟಾ ನೀಲಿಗೇ ಮೀಸಲು. 1897ರಲ್ಲಿ ಜರ್ಮನಿಯ ಕೃತಕ ನೀಲಿ ಪೇಟೆಗೆ ಬಂದು ಬೆಲೆ ಕುಸಿದಾಗ, ತೋಟದ ಒಡೆಯರು ಗೇಣಿಯನ್ನು ಏರಿಸಿ ನಷ್ಟವನ್ನು ರೈತರ ಮೇಲೆಯೇ ಹೊರಿಸಿದರು. 1917ರಲ್ಲಿ ಗಾಂಧೀಜಿಯವರು ಅಲ್ಲಿಗೆ ಹೋದ ಬಳಿಕ, 1918ರ ಕಾಯಿದೆಯಿಂದ ಆ ಕಟ್ಟಳೆ ಕೊನೆಗಂಡಿತು.

ಗಿಡವನ್ನು ಮೂಲೆಗೊತ್ತಿದ ರಸಾಯನಶಾಸ್ತ್ರವೂ ಗಿಡದ ಹೆಸರನ್ನು ಉಳಿಸಿಕೊಂಡಿದೆ. ಬೆಳೆದವರ ಗುರುತು ಮಾತ್ರ ಯಾವ ಭಾಷೆಯ ಹೆಸರಿನಲ್ಲಿಯೂ ಉಳಿದಿಲ್ಲ.